ಮಕ್ಕಳಿಗೆ ಕಫ್ ಟ್ಯೂಬ್: ನನ್ನ ಬೆರಳು ಹೇಳಿದ ಸುಳ್ಳು

ಮಂಡ್ಯದಲ್ಲಿ ಅರಿವಳಿಕೆ ಕೆಲಸ ಶುರು ಮಾಡಿದಾಗ ನನ್ನ ಟ್ರಾಲಿಯಲ್ಲಿ ಮಕ್ಕಳಿಗೆ ಅಂತ ಇದ್ದದ್ದು ಕಫ್ ಇಲ್ಲದ ಟ್ಯೂಬ್‌ಗಳೇ. ಟ್ಯೂಬ್ ಅಂದರೆ ಉಸಿರಾಟಕ್ಕೆ ಶ್ವಾಸನಾಳದೊಳಗೆ ಇಳಿಸುವ ಕೊಳವೆ; ಕಫ್ ಅಂದರೆ ಸುತ್ತ ಗಾಳಿ ಸೋರದಂತೆ ಅದರ ತುದಿಯ ಬಳಿ ಉಬ್ಬಿಸುವ ಗಾಳಿಚೀಲ. ಎಂಟು ವರ್ಷದೊಳಗಿನವರಿಗೆ ಕಫ್ ಬೇಡ, ಧ್ವನಿಪೆಟ್ಟಿಗೆಯ ಕೆಳಗಿನ ಕ್ರೈಕಾಯ್ಡ್ ಅನ್ನುವ ಉಂಗುರದ ಹತ್ತಿರ ದಾರಿ ಕಿರಿದು, ಟ್ಯೂಬ್ ಅಲ್ಲೇ ಸರಿಯಾಗಿ ಕೂರುತ್ತದೆ ಅಂತ ಓದಿಕೊಂಡು ಬಂದವನು ನಾನು.

ಆಮೇಲೆ ಮದ್ದೂರು ಕಡೆಯ ನಾಲ್ಕು ವರ್ಷದ ಹುಡುಗನೊಬ್ಬ ಬಂದ. ಟಾನ್ಸಿಲ್ ಆಪರೇಷನ್. ವಯಸ್ಸನ್ನು 4ರಿಂದ ಭಾಗಿಸಿ 4 ಕೂಡಿಸಿದರೆ ಟ್ಯೂಬಿನ ಅಳತೆ 5 ಮಿಲಿಮೀಟರ್. ಹಾಕಿದೆ, ಬುಸ್ ಅಂತ ಗಾಳಿ ಸೋರಿತು, ಅರಿವಳಿಕೆಯ ಅನಿಲ ಸೆವೋಫ್ಲುರೇನ್ ವಾಸನೆ ಸರ್ಜನ್ ಮೂಗಿಗೇ ಬಡಿಯಿತು. 5.5 ಹಾಕಲು ಹೋದರೆ ಒಳಗೇ ಹೋಗಲಿಲ್ಲ, ಮತ್ತೆ 5ನ್ನೇ ಹಾಕಿ ಸುತ್ತ ಒದ್ದೆ ಗಾಜ್ ತುರುಕಿದೆ. ಒಂದು ಪುಟ್ಟ ಗಂಟಲಿಗೆ ಮೂರು ಸಲ ಒಳಗೆ ನೋಡುವ ಉಪಕರಣ, ಲ್ಯಾರಿಂಗೋಸ್ಕೋಪ್! ಎಚ್ಚರವಾದ ಮೇಲೆ ನಾಯಿ ಬೊಗಳಿದ ಹಾಗೆ ಕೆಮ್ಮು, ಉಸಿರೆಳೆದಾಗಲೆಲ್ಲ ಕೀ ಅನ್ನುವ ಸದ್ದು. ಗಂಟಲಿನ ಊತ ಇಳಿಯಲೆಂದು ಅಡ್ರಿನಲಿನ್ ನೆಬ್ಯುಲೈಸೇಷನ್, ಡೆಕ್ಸಾಮೆಥಾಸೋನ್ ಕೊಟ್ಟು ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದೆ. ಹುಡುಗ ಚೇತರಿಸಿಕೊಂಡ, ನನ್ನ ಭಯ ಹೋಗಲಿಲ್ಲ.

2009ರಲ್ಲಿ ಯೂರೋಪಿನ 24 ಆಸ್ಪತ್ರೆಗಳ ಲೆಕ್ಕ ಬಂದಿತ್ತು. ಐದು ವರ್ಷದೊಳಗಿನ 2,246 ಮಕ್ಕಳು. ಕಫ್ ಇಲ್ಲದ ಟ್ಯೂಬನ್ನು ನೂರರಲ್ಲಿ ಸುಮಾರು 31 ಮಕ್ಕಳಿಗೆ ಬದಲಾಯಿಸಬೇಕಾಯಿತು, ಕಫ್ ಇದ್ದದ್ದನ್ನು ಇಬ್ಬರಿಗೆ ಮಾತ್ರ. ಆಮೇಲಿನ ಕೀ ಸದ್ದು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಇದನ್ನು ನೋಡಿ ನಾನೂ ಬದಲಾದೆ. ಅಳತೆ ಅರ್ಧ ಕಡಿಮೆ, ಅಂದರೆ ಆ ಹುಡುಗನಂಥವನಿಗೆ 4.5.

ಆದರೆ ಕಫ್‌ಗೆ ಗಾಳಿ ತುಂಬಿಸಿ, ಅದಕ್ಕೆ ಜೋಡಿಸಿದ ಹೊರಗಿನ ಪುಟ್ಟ ಬಲೂನನ್ನು ಬೆರಳಲ್ಲಿ ಒತ್ತಿ 'ಮೆತ್ತಗಿದೆ, ಸಾಕು' ಅನ್ನುತ್ತಿದ್ದೆ. ಎಲ್ಲರೂ ಮಾಡೋದೇ ಅಲ್ವಾ? ಒಂದು ದಿನ ಸುಮ್ನೆ ಕುತೂಹಲಕ್ಕೆ ಪ್ರೆಶರ್ ಮೀಟರ್ ಜೋಡಿಸಿದೆ. 46 ಸೆಂಟಿಮೀಟರ್ ನೀರಿನ ಒತ್ತಡ! 20 ದಾಟಬಾರದು, ದಾಟಿದರೆ ಕಫ್ ಶ್ವಾಸನಾಳದ ಗೋಡೆಯನ್ನು ಒತ್ತಿ ಗಾಯ ಮಾಡಬಹುದು. ಕೈ ತಣ್ಣಗಾಯಿತು.

ಈಗ ಮೊದಲು ಕಫ್ ಪೂರ್ತಿ ಖಾಲಿ ಇಟ್ಟು ನೋಡುತ್ತೇನೆ. ಉಸಿರಿನ ಗಾಳಿಯನ್ನು 20ರ ಒತ್ತಡದಲ್ಲಿ ಕೊಟ್ಟಾಗ ಅದು ಟ್ಯೂಬಿನ ಸುತ್ತ ಸೋರದಿದ್ದರೆ ಟ್ಯೂಬ್ ದಪ್ಪ ಆಯಿತು ಅಂತ ಅರ್ಥ, ಚಿಕ್ಕದು ಹಾಕುತ್ತೇನೆ. ಸೋರಿದರೆ ಕುತ್ತಿಗೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು, ಅರ್ಧ ಎಂಎಲ್ ಕೂಡ ಒಂದೇ ಸಲ ಅಲ್ಲ, ಚೂರು ಚೂರೇ ಕಫ್‌ಗೆ ಗಾಳಿ ತುಂಬುತ್ತಾ ಸದ್ದು ನಿಂತ ಕೂಡಲೇ ನಿಲ್ಲಿಸುತ್ತೇನೆ. ಅರಿವಳಿಕೆಗೆ ನೈಟ್ರಸ್ ಆಕ್ಸೈಡ್ ಅನಿಲ ಕೊಟ್ಟರೆ ಅದು ಕಫ್ ಒಳಗೂ ನುಗ್ಗಿ ಒತ್ತಡ ತಾನಾಗೇ ಏರುತ್ತದೆ, ಹಾಗಾಗಿ ಮೀಟರ್ ಕೊನೆವರೆಗೂ ಜೋಡಿಸಿಯೇ ಇರುತ್ತದೆ.

ಮೊನ್ನೆ ಮೈಸೂರಿನಲ್ಲಿ ಒಬ್ಬ ತಾಯಿಗೆ 'ಕಫ್ ಇರೋ ಟ್ಯೂಬ್ ಹಾಕ್ತೀವಿ ಅಮ್ಮ' ಅಂದೆ. 'ಕಫ ಏನಿಲ್ಲ ಸಾರ್, ನೆಗಡಿ ಹೋಗೇ ಒಂದ್ ವಾರ ಆಯ್ತು' ಅಂದರು. ನಗು ಬಂತು. ಆದರೆ ನೆಗಡಿಯ ವಿಷಯ ಕೇಸ್ ಶೀಟಿನಲ್ಲಿ ಇರಲೇ ಇಲ್ಲ. ಮಗುವನ್ನು ಮತ್ತೆ ಕೂರಿಸಿಕೊಂಡು ಎದೆ ಪರೀಕ್ಷೆ ಮಾಡಿದೆ.