ಕಿರುಮೆದುಳು ಹೇಗೆ ಕೆಲಸ ಮಾಡುತ್ತದೆ? ಮನೆಯಲ್ಲೇ ಮಾಡಿ ನೋಡಿ

ಕೈಯನ್ನು ತಲೆಯ ಹಿಂಭಾಗಕ್ಕೆ ಒಯ್ಯಿರಿ. ಬುರುಡೆಯ ನಡುಮಧ್ಯೆ ಒಂದು ಗಟ್ಟಿ ಉಬ್ಬು ಬೆರಳಿಗೆ ಸಿಗುತ್ತದೆ, ಅಲ್ವಾ? ಅದರ ಕೆಳಗೆ, ಕತ್ತು ಶುರುವಾಗುವ ಮುಂಚೆ, ಮೂಳೆಯ ಒಳಗಡೆ ಇರುವುದೇ ಕಿರುಮೆದುಳು. ಡಾಕ್ಟರುಗಳು ಸೆರೆಬೆಲ್ಲಮ್ ಅನ್ನುತ್ತಾರೆ.

ಇದರ ತೂಕ ಇಡೀ ಮೆದುಳಿನ ಹತ್ತರಲ್ಲಿ ಒಂದು ಪಾಲು. ಆದರೆ ನಮ್ಮ ಮೆದುಳಿನಲ್ಲಿರುವ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಇಲ್ಲೇ ಇವೆ. ಇದರ ಹೊರಪದರ ಅಷ್ಟು ಒತ್ತಾಗಿ ಮಡಿಚಿಕೊಂಡಿದೆ. ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಪಟ್ಟಿಯಾಗುತ್ತದೆ.

ಕೈಕಾಲು ಆಡಿಸು ಎಂದು ಅಪ್ಪಣೆ ಕೊಡುವುದು ದೊಡ್ಡ ಮೆದುಳು. ಆ ಚಲನೆ ಅಂದುಕೊಂಡ ಹಾಗೇ ನಡೆಯುತ್ತಿದೆಯಾ ಎಂದು ನೋಡಿ ತಿದ್ದುವುದು ಕಿರುಮೆದುಳು. ಹಾಗಾಗಿ ಇದಕ್ಕೆ ಪೆಟ್ಟಾದರೆ ಲಕ್ವ ಹೊಡೆಯುವುದಿಲ್ಲ. ಕೈಯಲ್ಲಿ ಬಲ ಇರುತ್ತದೆ, ಗುರಿ ತಪ್ಪುತ್ತದೆ. ಮೊದಲ ಮಹಾಯುದ್ಧದಲ್ಲಿ ತಲೆಯ ಹಿಂಭಾಗಕ್ಕೆ ಗುಂಡು ತಗುಲಿದ ಸೈನಿಕರನ್ನು ಬ್ರಿಟನ್ನಿನ ನರತಜ್ಞ ಗಾರ್ಡನ್ ಹೋಮ್ಸ್ ಪರೀಕ್ಷಿಸಿ, 1917ರಲ್ಲಿ ಇದನ್ನೆಲ್ಲ ವಿವರವಾಗಿ ಬರೆದರು. ನರರೋಗ ತಜ್ಞರು ಇವತ್ತಿಗೂ ಅದೇ ರೀತಿಯ ಪರೀಕ್ಷೆಗಳನ್ನು ಮಾಡುತ್ತಾರೆ. ಅವುಗಳಲ್ಲಿ ಕೆಲವನ್ನು ನಾವೂ ಮಾಡಿ ನೋಡೋಣ. ಇದರಿಂದ ರೋಗ ಇದೆ, ಇಲ್ಲ ಎಂದು ತೀರ್ಮಾನ ಮಾಡಬೇಡಿ. ಒಳಗೆ ಏನು ನಡೆಯುತ್ತದೆ ಎಂದು ತಿಳಿಯುವುದಷ್ಟೇ ಉದ್ದೇಶ. ವಯಸ್ಸಾದವರು ನಿಲ್ಲುವ, ನಡೆಯುವ ಹಂತಗಳನ್ನು ಒಬ್ಬರೇ ಇದ್ದಾಗ ಮಾಡಲೇಬಾರದು.

1. ಮೊದಲು ದಾರಿ ಬರೆದುಕೊಳ್ಳಿ

ಒಂದು ಹಾಳೆಯ ನಡುವೆ ಮೇಲಿಂದ ಕೆಳಕ್ಕೆ ಗೆರೆ ಎಳೆಯಿರಿ. ಒಂದು ಕಡೆ ಎಡ, ಇನ್ನೊಂದು ಕಡೆ ಬಲ. ಈಗ ಬಲಗೈಯಿಂದ ಕಾಫಿ ಲೋಟ ಎತ್ತುತ್ತೀರಿ ಅಂದುಕೊಳ್ಳಿ.

ಅಪ್ಪಣೆ ಹೊರಡುವುದು ದೊಡ್ಡ ಮೆದುಳಿನ ಎಡಭಾಗದಿಂದ. ಅದರ ಒಂದು ಪ್ರತಿ ಮೆದುಳನ್ನು ಬೆನ್ನುಹುರಿಗೆ ಜೋಡಿಸುವ ಮೆದುಳುಕಾಂಡದ ಪಾನ್ಸ್ ಎಂಬ ಭಾಗಕ್ಕೆ ಇಳಿಯುತ್ತದೆ. ಅಲ್ಲಿ ಗೆರೆ ದಾಟಿ ಬಲ ಕಿರುಮೆದುಳಿಗೆ ಹೋಗುತ್ತದೆ. ಕಿರುಮೆದುಳನ್ನು ಮೆದುಳುಕಾಂಡಕ್ಕೆ ಜೋಡಿಸುವ ನರಗಳ ಕಟ್ಟುಗಳು ಎರಡೂ ಕಡೆ ಮೂರು ಮೂರು. ಈ ಸುದ್ದಿ ಬರುವುದು ಅವುಗಳಲ್ಲೇ ದಪ್ಪಗಿರುವ ನಡುವಿನ ಕಟ್ಟಿನಲ್ಲಿ. ಅದೇ ಹೊತ್ತಿಗೆ ಬಲಗೈ ಈಗ ಎಲ್ಲಿದೆ, ಸ್ನಾಯು ಎಷ್ಟು ಎಳೆದಿದೆ ಎಂಬ ಸುದ್ದಿ ಬೆನ್ನುಹುರಿಯಿಂದ ಬರುತ್ತದೆ. ಇದು ಹೆಚ್ಚಾಗಿ ಕೆಳಗಿನ ಕಟ್ಟಿನ ಮೂಲಕ ಅದೇ ಬಲ ಕಿರುಮೆದುಳಿಗೆ ಸೇರುತ್ತದೆ.

ಬಯಸಿದ್ದು ಒಂದು, ಆಗುತ್ತಿರುವುದು ಇನ್ನೊಂದು. ಇವೆರಡನ್ನೂ ತಾಳೆ ನೋಡುವ ಕೆಲಸದಲ್ಲಿ ಪರ್ಕಿಂಜಿ ಕೋಶಗಳ ಪಾತ್ರ ದೊಡ್ಡದು. 1837ರಲ್ಲಿ ಇವನ್ನು ವಿವರಿಸಿದ ಚೆಕ್ ವಿಜ್ಞಾನಿಯ ಹೆಸರೇ ಇವಕ್ಕೆ ಬಂದಿದೆ. ಒಂದೊಂದು ಪರ್ಕಿಂಜಿ ಕೋಶಕ್ಕೂ ಲಕ್ಷಕ್ಕೂ ಹೆಚ್ಚು ಸಣ್ಣ ತಂತುಗಳಿಂದ ಸುದ್ದಿ ಬರುತ್ತದೆ. ಇವಲ್ಲದೆ, ಮೆದುಳುಕಾಂಡದಿಂದ ಬರುವ ಒಂದೇ ಒಂದು ಗಟ್ಟಿ ತಂತು ಅದನ್ನು ಬಳ್ಳಿಯ ಹಾಗೆ ಸುತ್ತಿಕೊಂಡಿರುತ್ತದೆ. ತಪ್ಪಾದಾಗ 'ಇಲ್ಲಿ ತಪ್ಪಾಯಿತು' ಎಂದು ಹೇಳುವುದು ಈ ತಂತು ಎಂಬುದು ಬಹಳ ವಿಜ್ಞಾನಿಗಳು ಒಪ್ಪುವ ವಿವರಣೆ. ಪರ್ಕಿಂಜಿ ಕೋಶಗಳು ಮುಂದೆ ಯಾರನ್ನೂ ಹುರಿದುಂಬಿಸುವುದಿಲ್ಲ. ಎಷ್ಟು ತಡೆಯಬೇಕು ಎಂಬುದನ್ನಷ್ಟೇ ಹೇಳುತ್ತವೆ. ಇಷ್ಟು ನಾಜೂಕಾದ ಚಲನೆ ಬರೀ ತಡೆಯುವುದರಿಂದ ಹುಟ್ಟುತ್ತದೆ ಎಂಬುದು ನನಗೆ ಈ ವಿಷಯದಲ್ಲೇ ಅತ್ಯಂತ ಸೊಗಸಾದ ಸಂಗತಿ.

ತಿದ್ದುಪಡಿ ಮೇಲಿನ ಕಟ್ಟಿನಿಂದ ಹೊರಡುತ್ತದೆ. ಮತ್ತೆ ಗೆರೆ ದಾಟಿ, ಮೆದುಳಿನ ಆಳದಲ್ಲಿ ಸುದ್ದಿ ಮುಂದಕ್ಕೆ ಸಾಗಿಸುವ ಥಲಾಮಸ್ ಎಂಬ ಭಾಗದ ಮೂಲಕ ಎಡ ದೊಡ್ಡ ಮೆದುಳನ್ನು ಸೇರುತ್ತದೆ. ಅಲ್ಲಿಂದ ಕೆಳಗಿಳಿಯುವ ಅಪ್ಪಣೆ ಮೂರನೇ ಸಲ ಗೆರೆ ದಾಟಿ ಬಲಗೈಗೆ ಬರುತ್ತದೆ.

ಹಾಳೆಯನ್ನು ನೋಡಿ. ಬಲ ಕಿರುಮೆದುಳಿನ ಮಾತು ಎರಡು ಸಲ ದಾಟಿ ಬಲಗೈಗೇ ಬಂತು. ಅದಕ್ಕೇ ದೊಡ್ಡ ಮೆದುಳಿನ ಎಡಗಡೆ ಪೆಟ್ಟಾದರೆ ಬಲಗೈಗೆ ತೊಂದರೆ, ಆದರೆ ಕಿರುಮೆದುಳಿನ ಬಲಗಡೆ ಪೆಟ್ಟಾದರೂ ಬಲಗೈಗೇ ತೊಂದರೆ. ಇದೊಂದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

2. ಬೆರಳು, ಮೂಗು

ಎದುರಿಗೆ ಒಬ್ಬರನ್ನು ಕೂರಿಸಿ. ಅವರು ನಿಮ್ಮಿಂದ ಒಂದು ತೋಳಿನಷ್ಟು ದೂರದಲ್ಲಿ ಬೆರಳು ಹಿಡಿಯಲಿ. ನೀವು ತೋರುಬೆರಳಿನಿಂದ ನಿಮ್ಮ ಮೂಗು, ಅವರ ಬೆರಳು, ಮತ್ತೆ ಮೂಗು ಹೀಗೆ ಮುಟ್ಟುತ್ತಾ ಹೋಗಿ. ಕಿರುಮೆದುಳಿಗೆ ತೊಂದರೆ ಇರುವವರ ಕೈ ಸುಮ್ನೆ ಇದ್ದಾಗ ನಡುಗುವುದಿಲ್ಲ. ಗುರಿ ಹತ್ತಿರವಾದ ಹಾಗೆ ನಡುಕ ಜಾಸ್ತಿಯಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ.

3. ಅಂಗೈ ಮೇಲೆ, ಕೆಳಗೆ

ತೊಡೆಯ ಮೇಲೆ ಅಂಗೈಯನ್ನು ಒಮ್ಮೆ ಬೋರಲು, ಒಮ್ಮೆ ಅಂಗಾತ ಬೇಗ ಬೇಗ ತಟ್ಟಿ. ತಾಳ ಒಂದೇ ಸಮ ಇರಬೇಕು. ನೀವು ಬಲಗೈ ಬಳಸುವವರಾದರೆ ಎಡಗೈ ಸ್ವಲ್ಪ ನಿಧಾನ ಇರುವುದು ಸಹಜ.

4. ಪತ್ರಿಕೆ ಅಲುಗಾಡಿಸಿ

ಈ ಪುಟವನ್ನು ಕೈಚಾಚಿ ಹಿಡಿದು ಬೇಗ ಬೇಗ ಎಡಕ್ಕೆ ಬಲಕ್ಕೆ ಅಲುಗಾಡಿಸಿ. ಅಕ್ಷರ ಕಲಸಿಹೋಗುತ್ತದೆ. ಈಗ ಪುಟವನ್ನು ಹಾಗೇ ಹಿಡಿದು, ಅಷ್ಟೇ ವೇಗದಲ್ಲಿ ತಲೆಯನ್ನು ಅಲ್ಲಾಡಿಸಿ. ಓದಲು ಆಗುತ್ತದೆ! ಕತ್ತು ನೋವಿರುವವರು ಇದನ್ನು ಬಿಡಿ.

ತಲೆ ತಿರುಗಿದ್ದು ಒಳಕಿವಿಗೆ ಗೊತ್ತಾದ ಕೂಡಲೇ ಕಣ್ಣುಗುಡ್ಡೆ ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ಹೊರಳುತ್ತದೆ. ಎಷ್ಟು ಹೊರಳಬೇಕು ಎಂಬ ಲೆಕ್ಕವನ್ನು ಸರಿಯಾಗಿ ಇಡುವುದು ಕಿರುಮೆದುಳಿನ ಅತಿ ಹಳೆಯ, ಪುಟ್ಟ ಭಾಗ. ಹೊಸ ಕನ್ನಡಕ ಹಾಕಿದಾಗ ನೆಲ ಓಲಾಡಿದಂತೆ ಅನಿಸಿ, ಕೆಲವು ದಿನಗಳಲ್ಲಿ ಸರಿಹೋಗುತ್ತದಲ್ಲ, ಆ ಲೆಕ್ಕ ಬದಲಾಗುವುದೂ ಅದಕ್ಕೆ ಒಂದು ಕಾರಣ.

5. ಮಾತು

'ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ' ಎಂದು ಬೇಗ ಹೇಳಿ. ಯಾರಾದರೂ ತಡವರಿಸುತ್ತಾರೆ, ಅದೇನೂ ದೋಷವಲ್ಲ. ಕಿರುಮೆದುಳಿನ ತೊಂದರೆಯಲ್ಲಿ ದಿನದ ಮಾತೇ ಬದಲಾಗುತ್ತದೆ. ಒಂದೊಂದು ಅಕ್ಷರವೂ ಬೇರೆ ಬೇರೆಯಾಗಿ ಒಡೆದು, ದನಿ ಏರಿಳಿದು ಬರುತ್ತದೆ.

6. ನಿಲ್ಲಿ, ನಡೆಯಿರಿ

ಗೋಡೆಯ ಪಕ್ಕ, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಹೆಬ್ಬೆರಳು ತಾಗುವಂತೆ ನೇರವಾಗಿ ಹತ್ತು ಹೆಜ್ಜೆ ಇಡಿ. ಮೈಯ ನಡುಭಾಗವನ್ನು ಸಮತೋಲದಲ್ಲಿ ಇಡುವುದು ಕಿರುಮೆದುಳಿನ ನಟ್ಟನಡುವಿನ ಭಾಗ. ಮದ್ಯ ಇದನ್ನು ಬೇಗ ಕೆಡಿಸುತ್ತದೆ.

ಆಮೇಲೆ ಪಾದ ಜೋಡಿಸಿ ನಿಲ್ಲಿ. ಮೊದಲು ಕಣ್ಣು ತೆರೆದು, ನಂತರ ಮುಚ್ಚಿ. ಕಣ್ಣು ತೆರೆದಿದ್ದಾಗಲೇ ಓಲಾಡಿದರೆ ಸಂಶಯ ಕಿರುಮೆದುಳಿನ ಮೇಲೆ. ತೆರೆದಾಗ ಸರಿಯಿದ್ದು ಮುಚ್ಚಿದ ಕೂಡಲೇ ವಾಲಿದರೆ ತೊಂದರೆ ಕಾಲಿನ ನರ, ಬೆನ್ನುಹುರಿ ಅಥವಾ ಒಳಕಿವಿಯಲ್ಲಿ ಇರಬಹುದು. ಬಿ12 ಕೊರತೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೀಗಾಗುವುದುಂಟು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಿರುಮೆದುಳು ನಿಧಾನವಾಗಿ ಸವೆಯುವ ಅಟಾಕ್ಸಿಯಾ ಎಂಬ ಕಾಯಿಲೆಗಳಿವೆ. ಕೆಲವು ವಂಶದಲ್ಲಿ ಬರುತ್ತವೆ. ಇವರು ಕಾಲು ಅಗಲಿಸಿ, ತೂರಾಡುತ್ತಾ ನಡೆಯುತ್ತಾರೆ, ಮಾತು ತೊದಲುತ್ತದೆ. ನೋಡಿದವರು ಕುಡಿದಿದ್ದಾರೆ ಅಂದುಕೊಂಡು ಬಸ್ಸಿನಲ್ಲಿ, ಅಂಗಡಿಯಲ್ಲಿ ಗದರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೈ ಕೊಟ್ಟು ಕೂರಿಸಿ.

7. ಯಾವಾಗ ಓಡಬೇಕು?

ಇದ್ದಕ್ಕಿದ್ದಂತೆ ತಲೆಸುತ್ತು, ವಾಂತಿ, ನಡೆಯಲಾಗದಷ್ಟು ಓಲಾಟ, ಎರಡೆರಡಾಗಿ ಕಾಣುವುದು, ಮಾತು ತೊದಲುವುದು. ಇವು ಬಂದರೆ ಪಿತ್ತ ಎಂದು ಮಲಗಿಸಬೇಡಿ. 108ಕ್ಕೆ ಕರೆ ಮಾಡಿ. ಕೈಕಾಲಿನ ಬಲ ಹೋಗದಿದ್ದರೂ ಕಿರುಮೆದುಳಿಗೂ ಪಾರ್ಶ್ವವಾಯು (ಸ್ಟ್ರೋಕ್) ಆಗುತ್ತದೆ. ರಕ್ತದ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕಿರುಮೆದುಳು ಇರುವ ಜಾಗ ಇಕ್ಕಟ್ಟು, ಊದಿಕೊಂಡರೆ ಪಕ್ಕದ ಮೆದುಳುಕಾಂಡವನ್ನು ಒತ್ತುತ್ತದೆ. ಈ ಭಾಗದ ಪಾರ್ಶ್ವವಾಯು ಮೊದಲ ಗಂಟೆಗಳಲ್ಲಿ ಸಿ.ಟಿ. ಸ್ಕ್ಯಾನ್‌ನಲ್ಲಿ ಕಾಣದೇ ಹೋಗಬಹುದು. ಸ್ಕ್ಯಾನ್ ಸರಿಯಿದೆ ಎಂದರೂ ರೋಗಿಗೆ ಎದ್ದು ನಿಲ್ಲಲು ಆಗದಿದ್ದರೆ ಎಂ.ಆರ್.ಐ. ಬೇಕಾ ಎಂದು ಕೇಳಿ.

ತಿಂಗಳುಗಟ್ಟಲೆ ನಿಧಾನವಾಗಿ ಹೆಚ್ಚುವ ತೊಂದರೆಯಾದರೆ ನರರೋಗ ತಜ್ಞರನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಇದಕ್ಕೆ ಪರಿಣತರಿದ್ದಾರೆ. ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ಮರೆಯದೆ ಒಯ್ಯಿರಿ. ಮೂರ್ಛೆರೋಗಕ್ಕೆ ಕೊಡುವ ಫೆನಿಟೊಯಿನ್ ರಕ್ತದಲ್ಲಿ ಜಾಸ್ತಿಯಾದರೂ ಹೀಗೇ ಓಲಾಟ ಬರುತ್ತದೆ, ಡಾಕ್ಟರು ಪ್ರಮಾಣ ಇಳಿಸಿದರೆ ಹೆಚ್ಚಿನವರಿಗೆ ಅದು ಕಡಿಮೆಯಾಗುತ್ತದೆ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.