ಹಿತ್ತಲ ರೈಲು ಕೂಟಕ್ಕೆ ಎಂಜಿನ್ ಒಯ್ಯುವ ಮುನ್ನ

ಅಮೆರಿಕದ ಗಾರ್ಡನ್ ರೈಲ್ವೆ (ಹಿತ್ತಲಲ್ಲಿ ಹಳಿ ಹಾಸಿ ಓಡಿಸುವ ಪುಟ್ಟ ಮಾದರಿ ರೈಲು) ಕ್ಲಬ್‌ಗಳಲ್ಲಿ ಸದಸ್ಯರೊಬ್ಬರ ಹಿತ್ತಲಿನಲ್ಲಿ ಎಲ್ಲರೂ ಸೇರಿ ರೈಲು ಓಡಿಸುವ ರೂಢಿಯಿದ್ದು, ನಿಮ್ಮ ಎಂಜಿನ್ನನ್ನೂ ಒಯ್ಯುವುದಾದರೆ ಅಲ್ಲಿನ ಅತಿ ಬಿಗಿಯಾದ ತಿರುವಿನ ತ್ರಿಜ್ಯ ಎಷ್ಟೆಂದು ಆತಿಥೇಯರನ್ನು ಮೊದಲೇ ಕೇಳಿಕೊಳ್ಳುವುದು ಒಳಿತು. ಹಳಿಗಳ ನಡುವಿನ ಅಂತರ 45 ಮಿ.ಮೀ. ಇದ್ದ ಮಾತ್ರಕ್ಕೆ ಎಲ್ಲ ಎಂಜಿನ್‌ಗಳೂ ಓಡುತ್ತವೆ ಎನ್ನುವಂತಿಲ್ಲ. 1968ರಲ್ಲಿ ಮಾರುಕಟ್ಟೆಗೆ ಬಂದ ಜರ್ಮನಿಯ ಎಲ್‌ಜಿಬಿ ಎಂಬ ಮಾದರಿ ರೈಲು ಬ್ರ್ಯಾಂಡಿನ 600 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಉದ್ದನೆಯ ಎಂಜಿನ್‌ಗಳು ಹಳಿ ತಪ್ಪುವುದುಂಟು. ಉಗಿ ಎಂಜಿನ್ನಾದರೆ, ಇಂಧನವಾದ ಬ್ಯೂಟೇನ್ ತುಂಬಿಸುವಾಗ ಕವಾಟದ ಬಳಿ ಸ್ವಲ್ಪ ಅನಿಲ ಬುಸ್ಸೆಂದು ಚಿಮ್ಮುವುದರಿಂದ, ಉರಿಯುತ್ತಿರುವ ಬೇರೆ ಎಂಜಿನ್‌ಗಳಿಂದ ದೂರ ಸರಿದು ತುಂಬಿಸಿರಿ. ಬಾಯ್ಲರಿಗೆ ಬಟ್ಟಿ ಇಳಿಸಿದ ನೀರನ್ನು ನೀವೇ ಒಯ್ಯಿರಿ, ಏಕೆಂದರೆ ನಲ್ಲಿಯ ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಚಿಕ್ಕ ಮಕ್ಕಳ ಕೈಗೆ ಕೊಡುವುದಾದರೆ ಬ್ಯಾಟರಿ ಎಂಜಿನ್ನೇ ವಾಸಿ.