ಮಳೆಗಾಲದಲ್ಲಿ ನಮ್ಮ ಕೋಳಿಗೂಡು ಸರಿಹೋದ ಬಗೆ

ನಮ್ಮದು ಮಡಿಕೇರಿ ಹತ್ತಿರದ ಮನೆ. ಏಪ್ರಿಲ್‌ನಲ್ಲಿ ಮೊದಲ ಸಲ ಆರು ನಾಟಿಕೋಳಿ ತಂದು ಹಿತ್ತಲಲ್ಲಿ ಗೂಡು ಕಟ್ಟಿದೆವು. ಜೂನ್‌ನಲ್ಲಿ ಮಳೆ ಹಿಡಿಯಿತು. ಎರಚಲು ಹೊಡೆಯುತ್ತದೆ ಅಂತ ನಾಲ್ಕೂ ಕಡೆ ಟಾರ್ಪಾಲು ಬಿಗಿದುಬಿಟ್ಟೆವು. ವಾರ ಕಳೆಯುವಷ್ಟರಲ್ಲಿ ಬಾಗಿಲು ತೆಗೆದರೆ ಕಣ್ಣುರಿಯುವಷ್ಟು ಘಾಟು. ಒಂದು ಹೇಂಟೆ ಸೀನುತ್ತಾ ಮೂಲೆಯಲ್ಲಿ ಮುದುರಿ ಕೂತಿತ್ತು. ನೋಡಿ ಹೊಟ್ಟೆ ಚುರುಕ್ ಅಂತು.

ಒದ್ದೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಅದು ಹೊರಹೋಗಲು ದಾರಿ ಬೇಕು ಅಲ್ವಾ? ಮಳೆ ಬೀಸುವ ಪಡುವಣ ಬದಿಗೆ ಮಾತ್ರ ಟಾರ್ಪಾಲು ಉಳಿಸಿದೆವು. ಮಾಡಿನ ಕೆಳಗೆ ಸುತ್ತಲೂ ಅರ್ಧ ಅಡಿ ತೆರೆದು, ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ಗಟ್ಟಿ ತಂತಿಬಲೆ) ಹೊಡೆದೆವು. ತೆಳು ಕೋಳಿಬಲೆ ಬೇಡ, ಕಾಡುಬೆಕ್ಕು ಹರಿದುಬಿಡುತ್ತದೆ. ಸೂರನ್ನು ಎರಡು ಅಡಿ ಮುಂದಕ್ಕೆ ಚಾಚಿದೆವು. ಇಡೀ ಗೂಡನ್ನು ಸಿಲ್ವರ್ ಓಕ್ ಕಂಬಗಳ ಮೇಲೆ ಎತ್ತರಿಸಿದೆವು.

ಒಳಗೆ ನಾಲ್ಕು ಇಂಚು ಒಣ ಭತ್ತದ ಹೊಟ್ಟು ಹಾಸಿದ್ದೇವೆ. ದಿನಾ ಬೆಳಗ್ಗೆ ಒಂದು ಹಿಡಿ ತೆಗೆದು ಹಿಸುಕುತ್ತೇನೆ. ಬೆರಳು ಬಿಟ್ಟಾಗ ಉದುರಿದರೆ ಸರಿ, ಉಂಡೆಯಾಗಿ ನಿಂತರೆ ತೇವ ಜಾಸ್ತಿ. ಆ ಜಾಗದ್ದನ್ನು ಗೊಬ್ಬರಗುಂಡಿಗೆ ಹಾಕಿ ಹೊಸದು ಹರಡುತ್ತೇನೆ.

ಸೀನುತ್ತಿದ್ದ ಹೇಂಟೆಯನ್ನು ಬೇರೆ ಇಟ್ಟು ಪಶುವೈದ್ಯರಿಗೆ ತೋರಿಸಿದೆವು. ಹತ್ತು ದಿನಕ್ಕೆ ಚೇತರಿಸಿಕೊಂಡಿತು. ಈಗ ಕಾಫಿ ಗಿಡದ ಬುಡ ಕೆದಕುತ್ತಾ ಓಡಾಡುತ್ತಿದೆ.